ಊರಿನ ಗಂಟು, ಅಮೆರಿಕದ ಲೆಕ್ಕ

ಮಗ ಅಮೆರಿಕದಲ್ಲಿ ನೆಲೆಸಿದ್ದಾನೆ. ಅವನು ಅಲ್ಲೊಂದು ಮನೆ ಕೊಳ್ಳಲೆಂದು, ಮೈಸೂರಿನ ಮನೆಯನ್ನು ಮಾರಿ ಬಂದ ಹಣವನ್ನು ತಂದೆತಾಯಿಗಳು ಕಳಿಸಬೇಕೆಂದಿದ್ದಾರೆ. ಇಂಥ ಸಂಸಾರಗಳು ಇಂದು ನಮ್ಮ ನಗರಗಳಲ್ಲಿ ವಿರಳವಲ್ಲ. ಅವರೆಲ್ಲರ ಪ್ರಶ್ನೆಯೂ ಒಂದೇ: ಈ ಹಣಕ್ಕೆ ಅಲ್ಲಿಯ ಸರ್ಕಾರ ಎಷ್ಟು ತೆರಿಗೆ ಕೇಳೀತು?

ಕೇಳುವುದಿಲ್ಲ. ಭಾರತದಲ್ಲಿರುವ ತಂದೆತಾಯಿಗಳು ಕೊಟ್ಟ ಉಡುಗೊರೆಯನ್ನು ಅಮೆರಿಕದ ಕಾನೂನು ಮಗನ ಆದಾಯವೆಂದು ಎಣಿಸುವುದಿಲ್ಲ. ವಲಸೆ ಹೋಗುವಾಗ ಅವನೇ ಒಯ್ದ ಉಳಿತಾಯಕ್ಕೂ ಇದೇ ನ್ಯಾಯ. ಆದರೆ ತೆರಿಗೆಯಿಲ್ಲವೆಂದ ಮಾತ್ರಕ್ಕೆ ಸುಮ್ಮನಿರಬಹುದೆಂದು ತಿಳಿದವರು ಪೇಚಿಗೆ ಸಿಕ್ಕುತ್ತಾರೆ. ಒಂದು ವರ್ಷದಲ್ಲಿ ಇಂಥ ಉಡುಗೊರೆ 1 ಲಕ್ಷ ಡಾಲರು ಮೀರಿದರೆ 3520ನೆಯ ನಮೂನೆಯಲ್ಲಿ ಅದನ್ನು ತಿಳಿಸಬೇಕು. ತಂದೆ ಅರ್ಧ, ತಾಯಿ ಅರ್ಧ ಕಳಿಸಿದರೂ ಒಟ್ಟುಗೂಡಿಸಿಯೇ ಲೆಕ್ಕ. ತಡಮಾಡಿದರೆ ತಿಂಗಳಿಗೆ ಶೇಕಡ 5ರಂತೆ, ಶೇಕಡ 25ರವರೆಗೆ ದಂಡ. ತೆರಿಗೆಯೇ ಇಲ್ಲದ ಹಣದ ಕಾಲುಭಾಗ ಒಂದು ಕಾಗದದ ಕೊರತೆಯಿಂದ ಕರಗುವುದೆಂದರೆ! ತಡವಾದವರ ವಿವರಣೆಯನ್ನು ಓದದೆಯೇ ದಂಡ ವಿಧಿಸುವ ಪದ್ಧತಿಯನ್ನು ಕೈಬಿಡುವುದಾಗಿ ಅಲ್ಲಿಯ ತೆರಿಗೆ ಇಲಾಖೆ 2024ರ ಅಕ್ಟೋಬರಿನಲ್ಲಿ ಹೇಳಿತು. ಅಷ್ಟರಮಟ್ಟಿಗೆ ಸಮಾಧಾನ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ನಮ್ಮದೇ ಒಂದು ರೂಢಿಯಲ್ಲಿದೆ. "ನಾಳೆ ನಮಗೇನಾದರೂ ಆದರೆ" ಎಂದು ಹಿರಿಯರು ಬ್ಯಾಂಕಿನ ಠೇವಣಿಗಳಿಗೆ ಮಗನ ಹೆಸರನ್ನೂ ಸೇರಿಸಿರುತ್ತಾರೆ. ಇಲ್ಲಿ ಅದು ಮುಂಜಾಗ್ರತೆ. ಅಲ್ಲಿ ಅದು ವಿದೇಶೀ ಖಾತೆ. 1970ರ ಕಾನೂನೊಂದರ ಆಧಾರದ ಮೇಲೆ, ಅಮೆರಿಕದ ಪ್ರಜೆಗಳೂ ತೆರಿಗೆಯ ದೃಷ್ಟಿಯಲ್ಲಿ ಅಲ್ಲಿಯ ನಿವಾಸಿಗಳೆನಿಸಿದವರೂ ತಮ್ಮ ವಿದೇಶೀ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರು ಮೀರಿದರೂ ಅವೆಲ್ಲದರ ವಿವರವನ್ನು ಒಪ್ಪಿಸಬೇಕು. ಬೆವರು ತಂದೆಯದೇ ಆಗಿರಲಿ, ಜಂಟಿ ಹೆಸರಿದ್ದರೆ ಪೂರ್ತಿ ಮೊತ್ತವೂ ಮಗನ ವರದಿಯಲ್ಲಿರಬೇಕು. ಅವನ ಸ್ವಂತ ಠೇವಣಿ ಬೆಂಗಳೂರಿನಲ್ಲೇ ಇದ್ದರೂ ಅದರ ಬಡ್ಡಿ ಅಲ್ಲಿ ಆದಾಯವೇ. ಇಲ್ಲಿ ಕಟ್ಟಿದ ತೆರಿಗೆಗೆ ರಿಯಾಯಿತಿಯನ್ನು ಕೇಳಬಹುದು.

ಈ ವರದಿಯನ್ನು ಬಿಟ್ಟವರ ಪಾಡಿಗೆ ಅಲೆಕ್ಸಾಂಡ್ರು ಬಿಟ್ನರ್ ಎಂಬುವರ ಮೊಕದ್ದಮೆ ನಿದರ್ಶನ. ರೊಮೇನಿಯಾದಿಂದ ವಲಸೆ ಬಂದು ಅಮೆರಿಕದ ಪ್ರಜೆಯಾಗಿ, 1990ರಲ್ಲಿ ತಾಯ್ನಾಡಿಗೆ ಮರಳಿ ವ್ಯಾಪಾರದಲ್ಲಿ ಐಶ್ವರ್ಯವಂತರಾದ ಅವರು, ಇಂಥ ನಿಯಮವಿರುವುದೇ ತಮಗೆ ತಿಳಿದಿರಲಿಲ್ಲವೆಂದರು. 5 ವರ್ಷಗಳ ಖಾತೆಗಳನ್ನು ಒಟ್ಟು 272 ಎಂದು ಎಣಿಸಿ, ಒಂದೊಂದಕ್ಕೆ 10,000ದಂತೆ 27,20,000 ಡಾಲರು ದಂಡವನ್ನು ಸರ್ಕಾರ ವಿಧಿಸಿತು. ಎಣಿಸಬೇಕಾದದ್ದು ಖಾತೆಗಳನ್ನಲ್ಲ, ವರ್ಷದ ವರದಿಯನ್ನು ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ದಂಡ 50,000ಕ್ಕೆ ಇಳಿಯಿತು. ನ್ಯಾಯಾಧೀಶರಲ್ಲಿ ಐವರು ಆ ಪಕ್ಷ, ನಾಲ್ವರು ಈ ಪಕ್ಷ. ಒಬ್ಬರು ಆಚೆ ಸರಿದಿದ್ದರೆ ಕಥೆಯೇ ಬೇರೆ.

ಇನ್ನು ನಮ್ಮ ಕಡೆಯ ಮಾತು. 2004ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ಯೋಜನೆಯಂತೆ ನಿವಾಸಿಯೊಬ್ಬರು ವರ್ಷಕ್ಕೆ 2,50,000 ಡಾಲರುಗಳವರೆಗೆ ಕಳಿಸಬಹುದು. 2025ರ ಏಪ್ರಿಲ್ 1ರಿಂದ, ಉಡುಗೊರೆಯಾಗಿ ಕಳಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದಲ್ಲಿ, ದಾಟಿದ ಭಾಗಕ್ಕೆ ಶೇಕಡ 20ನ್ನು ಬ್ಯಾಂಕು ಮುಂಗಡ ತೆರಿಗೆಯಾಗಿ ವಸೂಲು ಮಾಡುತ್ತದೆ. ಹಿರಿಯರು ಇದನ್ನು ಕಂಡು ಎದೆಗುಂದಬೇಕಾಗಿಲ್ಲ. ಆದಾಯತೆರಿಗೆಯ ಲೆಕ್ಕ ಒಪ್ಪಿಸಿದಾಗ ಅದು ಜಮೆಯಾಗುತ್ತದೆ, ಹೆಚ್ಚಾದದ್ದು ಮರಳುತ್ತದೆ.

ಮನೆಯ ಕ್ರಯಪತ್ರದ ಪ್ರತಿಯನ್ನೂ, ಇದು ಸಾಲವಲ್ಲ ಉಡುಗೊರೆ ಎಂದು ತಂದೆತಾಯಿಗಳು ರುಜು ಮಾಡಿದ ಪತ್ರವನ್ನೂ ಹಣದೊಡನೆಯೇ ಮಗನಿಗೆ ಕಳಿಸಿಬಿಡುವುದು ಲೇಸು. ಮನೆಸಾಲ ಕೊಡುವ ಅಲ್ಲಿಯ ಬ್ಯಾಂಕಿನವರು ಆ ಪತ್ರವನ್ನು ಕೇಳುವುದುಂಟು.