ಉಪಗ್ರಹಕ್ಕೆ ಕಾಣದ ಕಾಫಿ ಗಿಡ

ಪುಣೆಯ ಬಾಣೇರ್‌ನಲ್ಲಿ ಕುಳಿತು ಆಕಾಶದಿಂದ ನೆಲ ನೋಡುವುದು ನನ್ನ ಕೆಲಸ. ಉಪಗ್ರಹ ಚಿತ್ರಗಳಲ್ಲಿ ಯಾವುದು ಕಾಡು, ಯಾವುದು ತೋಟ ಎಂದು ಗುರುತಿಸಬೇಕು. ಒಂದು ಸಂಜೆ ಕುತೂಹಲಕ್ಕೆ ಸೋಮವಾರಪೇಟೆ ಬಳಿಯ ನಮ್ಮ ಮೂರು ಎಕರೆಯನ್ನೇ ತೆರೆದೆ. ಅಜ್ಜ ನೆಟ್ಟ ಕಾಫಿ ತೋಟ 2020ರ ನಕ್ಷೆಯೊಂದರಲ್ಲಿ ಕಡುಹಸಿರಾಗಿತ್ತು. ಅಂದರೆ, ಅರಣ್ಯ!

ನಗು ಬಂತು. ಮರುಕ್ಷಣವೇ ಭಯವೂ ಆಯಿತು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾಯ್ದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಕೋಕೊ, ರಬ್ಬರ್, ತಾಳೆ ಎಣ್ಣೆಗೂ ಇದೇ ನಿಯಮ. ಜಾರಿ ಎರಡು ಸಲ ಮುಂದಕ್ಕೆ ಹೋಗಿದ್ದರೂ ಕಾಯ್ದೆ ಹೋಗಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಇಟಲಿ ನಮ್ಮ ದೊಡ್ಡ ಗಿರಾಕಿ. 2022ರಲ್ಲಿ ತಂಗಿಯ ಮದುವೆಗೆಂದು ಅಪ್ಪ ತೋಟದ ಒಂದು ಮೂಲೆಯ ಸಿಲ್ವರ್ ಓಕ್ ಮರಗಳನ್ನು ಮಾರಿದ್ದರು. ಆ ನಕ್ಷೆಯ ಕಣ್ಣಿಗೆ ಅದು ಅರಣ್ಯನಾಶ.

ಬ್ರೆಜಿಲ್‌ನ ಬಯಲು ತೋಟಗಳಂತೆ ನಮ್ಮ ಕಾಫಿ ಬಿಸಿಲಿಗೆ ಮೈಯೊಡ್ಡಿ ನಿಲ್ಲುವುದಿಲ್ಲ. ಹಲಸು, ಬೀಟೆ, ಅತ್ತಿಯ ನೆರಳಲ್ಲಿ ಬೆಳೆಯುತ್ತದೆ. ಸೆಂಟಿನೆಲ್–2 ಉಪಗ್ರಹದ ಚಿತ್ರದಲ್ಲಿ ಹತ್ತು ಮೀಟರ್ ಚೌಕವೇ ಒಂದು ಚುಕ್ಕಿ. ಕಾಣುವುದು ಮರದ ನೆತ್ತಿ ಮಾತ್ರ. ಮಳೆಗಾಲದಲ್ಲಿ ಮೋಡ ಅದನ್ನೂ ಮುಚ್ಚುತ್ತದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ನೆರಳಿನ ತೋಟ ಕೃಷಿಭೂಮಿಯೇ, ಕಾಡಲ್ಲ. ಆದರೆ ಅದನ್ನು ನಕ್ಷೆಗೆ ಹೇಳುವವರು ಯಾರು?

ಅಪ್ಪನಿಗೆ ಫೋನ್ ಮಾಡಿದೆ. ‘ಕಾಡಿಗೆ ಯಾರಾದ್ರೂ ಮರಗಸಿ ಮಾಡ್ತಾರೇನೋ?’ ಎಂದರು. ಮಾತು ನಾಟಿತು. ಮಳೆಗೆ ಮುನ್ನ ನಾವು ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡುತ್ತೇವೆ. ಆಮೇಲೆ ಮರ ಮತ್ತೆ ಚಿಗುರುತ್ತದೆ. ಹಲವು ವರ್ಷಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದೆ. ಮೇ ತಿಂಗಳ ಮೋಡವಿಲ್ಲದ ದಿನಗಳಲ್ಲಿ ನಮ್ಮ ತೋಟದ ಹಸಿರು ತೆಳುವಾಗುತ್ತಿತ್ತು. ಪಕ್ಕದ ದೇವರಕಾಡಿನದು ಹಾಗೇ ಇತ್ತು. ಈಗ ನಮ್ಮ ತಂಡ ಆ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. ಮೋಡ ತೂರಿ ನೋಡುವ ರೇಡಾರ್ ಚಿತ್ರಗಳನ್ನೂ ಸೇರಿಸಿಕೊಂಡಿದ್ದೇವೆ.

ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಕಾಡು ಉಳಿಯಲೇಬೇಕು. ಆದರೆ ಕಾಡು ಕಡಿದವನಿಗೂ ಮೂರು ತಲೆಮಾರು ನೆರಳು ಕಾಪಾಡಿದವನಿಗೂ ಒಂದೇ ಬಣ್ಣ ಬಳಿಯಬಾರದು.

ನನ್ನಂತೆ ಊರು ಬಿಟ್ಟ ಬೆಳೆಗಾರರ ಮಕ್ಕಳಿಗೆ ಒಂದು ಮಾತು. ಈ ಸಲ ಹಬ್ಬಕ್ಕೆ ಹೋದಾಗ ಮೊಬೈಲ್ ಹಿಡಿದು ತೋಟದ ಗಡಿ ಸುತ್ತಿ ಬನ್ನಿ. ಪಹಣಿ, ಕಾಫಿ ಮಾರಿದ ರಸೀದಿ, ಹಳೆಯ ಫೋಟೊಗಳನ್ನು ಜೋಡಿಸಿಡಿ. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ನಕ್ಷೆಯ ಮೇಲೆ ಒಂದು ಬಿಂದು ಗುರುತಿಸಿದರೂ ಸಾಕು. ನಮ್ಮ ತೋಟದ ಬಿಂದುವನ್ನು ಅಪ್ಪ ಅಜ್ಜ ನೆಟ್ಟ ಹಲಸಿನ ಬುಡದಲ್ಲೇ ನಿಂತು ಗುರುತಿಸಿದರು.