ಉತ್ತರಕ್ಕೂ ದಾರಿ ಬೇಕು

ದೂರದ ಊರಿನ ಸ್ನೇಹಿತನಿಗೆ ಕಾಗದ ಬರೆದು ಹಾಕಿದೆವು. ಎರಡು ವಾರ ಕಳೆದರೂ ಉತ್ತರವಿಲ್ಲ. ಇಷ್ಟರಿಂದಲೇ ನಮ್ಮ ಕಾಗದ ಅವನಿಗೆ ಮುಟ್ಟಲಿಲ್ಲವೆಂದು ಹೇಳಬಹುದೆ? ಅದು ಮುಟ್ಟಿ, ಅವನು ಬರೆದ ಉತ್ತರವೇ ನಡುದಾರಿಯಲ್ಲಿ ಕಳೆದುಹೋಗಿರಬಹುದಷ್ಟೆ. ಅಂಚೆಯ ವಿಷಯದಲ್ಲಿ ಎಲ್ಲರಿಗೂ ಹೊಳೆಯುವ ಈ ಸಂಗತಿ ಗಣಕಗಳ ಜಾಲದ ಮುಂದೆ ಕುಳಿತೊಡನೆ ಏಕೋ ಮರೆತುಹೋಗುತ್ತದೆ. ನಾವೂ ಅದನ್ನು ಮರೆತು ಎರಡು ರಾತ್ರಿಗಳ ನಿದ್ರೆಯನ್ನು ಕಳೆದುಕೊಂಡೆವು.

ಜಾಲವಿದ್ಯೆಯನ್ನು ಕಲಿಯಬಯಸುವವರು ಮನೆಯಲ್ಲಿಯೇ ಸಣ್ಣದೊಂದು ಪ್ರಯೋಗಶಾಲೆಯನ್ನು ಕಟ್ಟಿಕೊಳ್ಳುವುದುಂಟು. ಹಳೆಯ ರೌಟರುಗಳು ದೊರೆತರೆ ಸರಿಯೇ. ಇಲ್ಲವಾದರೆ ಒಂದೇ ಗಣಕದೊಳಗೆ ತಂತ್ರಾಂಶದಿಂದ ಕಟ್ಟಿದ ರೌಟರುಗಳೂ ಸಾಕು. ನಮ್ಮದು ಅಂಥದೇ. ಎಡತುದಿಯಲ್ಲಿ ಒಂದು ಗಣಕ, ಬಲತುದಿಯಲ್ಲಿ ಇನ್ನೊಂದು, ನಡುವೆ ಸಾಲಾಗಿ ಮೂರು ರೌಟರುಗಳು. ಎಡಗಣಕದ ಜಾಲ 192.168.10.0, ಬಲಗಣಕದ ಜಾಲ 192.168.30.0, ಮೊದಲೆರಡು ರೌಟರುಗಳ ನಡುವಣ ಜಾಲ 10.0.12.0, ಕೊನೆಯೆರಡರ ನಡುವಣದು 10.0.23.0. ಎಲ್ಲ ವಿಳಾಸಗಳಲ್ಲಿಯೂ ಮೊದಲ 24 ಬಿಟ್ಟುಗಳು ಜಾಲವನ್ನೂ ಉಳಿದ 8 ಬಿಟ್ಟುಗಳು ಯಂತ್ರವನ್ನೂ ಸೂಚಿಸುತ್ತವೆ.

ರೌಟರಿನ ಕೆಲಸ ಅಂಚೆಕಚೇರಿಯ ವಿಂಗಡಣೆಗಾರನದಕ್ಕೆ ಸಮಾನವಾದುದು. ಬಂದ ಪ್ಯಾಕೆಟ್ಟು ಸೇರಬೇಕಾದ ವಿಳಾಸವನ್ನು ಅದು ತನ್ನ ಮಾರ್ಗಪಟ್ಟಿಯಲ್ಲಿ ಹುಡುಕಿ, ಮುಂದಿನ ರೌಟರಿಗೆ ಒಪ್ಪಿಸುತ್ತದೆ. ತನಗೆ ನೇರವಾಗಿ ಅಂಟಿಕೊಂಡ ಜಾಲಗಳನ್ನು ತಾನೇ ಬಲ್ಲದು. ಉಳಿದವನ್ನು ನಾವು ತಿಳಿಸಬೇಕು. ಪಟ್ಟಿಯಲ್ಲಿಲ್ಲದ ವಿಳಾಸದ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಪ್ಯಾಕೆಟ್ಟು ಎಲ್ಲಿಂದ ಬಂದಿತೆಂಬುದನ್ನು ಮಾತ್ರ ಅದು ನೆನಪಿಡುವುದಿಲ್ಲ. ಉತ್ತರವು ಅದರ ಪಾಲಿಗೆ ಸಂಪೂರ್ಣವಾಗಿ ಹೊಸದೊಂದು ಕಾಗದ.

ಮೊದಲನೆಯ ರೌಟರಿಗೆ ಬಲತುದಿಯ ದಾರಿಯನ್ನು ಹೇಳಿದೆವು. ಎರಡನೆಯದಕ್ಕೆ ಎಡಬಲಗಳೆರಡನ್ನೂ ಹೇಳಿದೆವು. ಎಡಗಣಕದಿಂದ ಬಲಗಣಕಕ್ಕೆ ಪಿಂಗ್ ಕಳುಹಿಸಿದೆವು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ರಚಿಸಿದ ಈ ಉಪಕರಣ, ಸಬ್‌ಮೆರೀನುಗಳನ್ನು ಪತ್ತೆಹಚ್ಚುವ ಸೋನಾರಿನ ಸದ್ದಿನಿಂದ ಹೆಸರು ಪಡೆದುದು. ಪ್ರತಿಧ್ವನಿ ಬಂದರೆ ಗುರಿ ಇದೆಯೆಂದರ್ಥ. ನಮಗೆ ಬರಲಿಲ್ಲ.

ಆಗ ಟ್ರೇಸ್‌ರೂಟನ್ನು ಹಿಡಿದೆವು. ಪ್ರತಿಯೊಂದು ಪ್ಯಾಕೆಟ್ಟೂ ಆಯುಸ್ಸಿನ ಸಂಖ್ಯೆಯೊಂದನ್ನು ಹೊತ್ತಿರುತ್ತದೆ. ಪ್ರತಿ ರೌಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದಾಗ ಪ್ಯಾಕೆಟ್ಟನ್ನು ಎಸೆದು, ಕಳುಹಿಸಿದವನಿಗೆ ತಿಳಿಸುತ್ತದೆ. ಸಂಖ್ಯೆಯನ್ನು 1, 2, 3 ಎಂದು ಏರಿಸುತ್ತ ಹೋದರೆ ದಾರಿಯ ರೌಟರುಗಳೆಲ್ಲ ಒಂದೊಂದಾಗಿ ತಮ್ಮ ಗುರುತು ಹೇಳಬೇಕು. ಮೊದಲೆರಡು ಹೇಳಿದವು. ಮೂರನೆಯದರ ಕಡೆ ಬರಿಯ ನಕ್ಷತ್ರಚಿಹ್ನೆಗಳು. ಸರಿ, ಎರಡನೆಯ ರೌಟರಿನಲ್ಲಿಯೇ ಕುಳಿತು ಬಲಗಣಕಕ್ಕೆ ಪಿಂಗ್ ಕೊಟ್ಟೆವು. ಕೂಡಲೇ ಉತ್ತರ ಬಂದಿತು!

ಎಡದ ಅರ್ಧ ಸರಿ, ಬಲದ ಅರ್ಧವೂ ಸರಿ, ಎರಡೂ ಕೂಡಿದರೆ ತಪ್ಪು. ಹಾಗಾದರೆ ದೋಷ ನಡುವಣ ರೌಟರಿನದೇ ಎಂದು ನಿಶ್ಚಯಿಸಿದೆವು. ಲಿನಕ್ಸ್ ಗಣಕವನ್ನು ರೌಟರಾಗಿ ಬಳಸುವಾಗ, ಪರರ ಪ್ಯಾಕೆಟ್ಟುಗಳನ್ನು ಮುಂದೆ ಸಾಗಿಸುವ ಅನುಮತಿಯನ್ನು ನಾವಾಗಿಯೇ ಕೊಡಬೇಕಾಗುವುದುಂಟು. ಅದನ್ನು ನೋಡಿದೆವು, ಕೊಟ್ಟೇ ಇತ್ತು. ಕೊನೆಗೆ ಅದರಲ್ಲಿ ಬರೆದಿದ್ದುದನ್ನೆಲ್ಲ ಅಳಿಸಿ ಮತ್ತೆ ಬರೆದೆವು. ನಿರ್ದೋಷಿಯನ್ನು ಶಿಕ್ಷಿಸಿದ ಹಾಗಾಯಿತು, ಫಲ ಮೊದಲಿನಂತೆಯೇ.

ಎರಡನೆಯ ರಾತ್ರಿ, ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಎಂಬ ಉಪಕರಣವನ್ನು ಬಲಗಣಕದಲ್ಲಿ ಇಟ್ಟು ನೋಡಿದೆವು. ನಮ್ಮ ಪ್ರಶ್ನೆಗಳು ಸೆಕೆಂಡಿಗೊಂದರಂತೆ ಅಲ್ಲಿಗೆ ಬರುತ್ತಲೇ ಇದ್ದವು! ಬಲಗಣಕ ಒಂದೊಂದಕ್ಕೂ ಉತ್ತರವನ್ನು ಮೂರನೆಯ ರೌಟರಿಗೆ ಒಪ್ಪಿಸುತ್ತಿತ್ತು. ಆ ರೌಟರಿಗೆ 192.168.10.0 ಎಲ್ಲಿದೆಯೆಂದು ನಾವು ಹೇಳಿಯೇ ಇರಲಿಲ್ಲ. ದಾರಿಯಿಲ್ಲವೆಂಬ ದೂರನ್ನು ಅದು ಉತ್ತರ ಕಳುಹಿಸಿದ ಬಲಗಣಕಕ್ಕೆ ಕೊಡುತ್ತಿತ್ತೇ ಹೊರತು, ಕಾದು ಕುಳಿತ ಎಡಗಣಕಕ್ಕಲ್ಲ. ಟ್ರೇಸ್‌ರೂಟಿನ ನಕ್ಷತ್ರಗಳೂ ಇದರಿಂದಲೇ: ಪ್ಯಾಕೆಟ್ಟು ಮೂರನೆಯ ರೌಟರನ್ನು ಮುಟ್ಟಿತ್ತು, ತನ್ನ ಗುರುತನ್ನು ತಿಳಿಸಲು ಅದಕ್ಕೆ ಹಿಂದಣ ದಾರಿ ಗೊತ್ತಿರಲಿಲ್ಲ.

ಹಾಗಿದ್ದರೆ ಎರಡನೆಯ ರೌಟರಿನ ಪಿಂಗಿಗೆ ಉತ್ತರ ಬಂದುದು ಹೇಗೆ? ರೌಟರು ತಾನೇ ಪಿಂಗ್ ಕಳುಹಿಸುವಾಗ, ಹೊರಡುವ ಬಾಗಿಲಿನ ವಿಳಾಸವನ್ನೇ ಸಾಮಾನ್ಯವಾಗಿ ತನ್ನದೆಂದು ಬರೆಯುತ್ತದೆ. ಇಲ್ಲಿ ಅದು 10.0.23.2, ಆ ಜಾಲ ಮೂರನೆಯ ರೌಟರಿಗೆ ಅಂಟಿಕೊಂಡದ್ದು, ಯಾರೂ ಹೇಳದೆಯೇ ತಿಳಿದದ್ದು. ಕಳುಹಿಸುವವನ ವಿಳಾಸವಾಗಿ ಅದೇ ರೌಟರಿನ ಇನ್ನೊಂದು ಬಾಗಿಲಿನ 10.0.12.2ನ್ನು ಬರೆಯುವಂತೆ ಆಜ್ಞಾಪಿಸಿದೊಡನೆ ಪಿಂಗ್ ವಿಫಲವಾಯಿತು. ಈ ಪರೀಕ್ಷೆಗೆ ಹಿಡಿಯುವುದು ಅರ್ಧ ನಿಮಿಷ.

ಮೂರನೆಯ ರೌಟರಿನಲ್ಲಿ ಒಂದೇ ಸಾಲು ಬರೆದೆವು: 192.168.10.0ಕ್ಕೆ ದಾರಿ 10.0.23.2ರ ಮೂಲಕ. ಎಡಗಣಕದಲ್ಲಿ ಉತ್ತರಗಳು ಸಾಲುಗಟ್ಟಿ ಬಂದವು.

ಪಟ್ಟಿಯಲ್ಲಿಲ್ಲದುದೆಲ್ಲವನ್ನೂ ಎರಡನೆಯ ರೌಟರಿಗೆ ಕಳುಹಿಸೆಂಬ ಸರ್ವಸಾಮಾನ್ಯ ದಾರಿಯನ್ನು ಬರೆದಿದ್ದರೂ ಆಗುತ್ತಿತ್ತು. ಆದರೆ ಎರಡನೆಯದರಲ್ಲಿಯೂ ಹಾಗೆಯೇ ಮೂರನೆಯದನ್ನು ತೋರಿಸಿಬಿಟ್ಟರೆ, ಯಾರಿಗೂ ಗೊತ್ತಿಲ್ಲದ ವಿಳಾಸದ ಪ್ಯಾಕೆಟ್ಟು ಅವೆರಡರ ನಡುವೆ ಚೆಂಡಿನಂತೆ ಪುಟಿಯುತ್ತ, ಆಯುಸ್ಸಿನ ಸಂಖ್ಯೆ ಮುಗಿಯುವವರೆಗೂ ಅಲೆಯುವುದು. ವಾಚಕರು ಇದನ್ನು ಬೇಕೆಂದೇ ಮಾಡಿ ನೋಡಬಹುದು: ಟ್ರೇಸ್‌ರೂಟಿನಲ್ಲಿ ಎರಡೇ ವಿಳಾಸಗಳು ಸರದಿಯ ಮೇಲೆ ಮರಳಿ ಮರಳಿ ಕಾಣಿಸುವುವು.