ಗಾಲಿ ಇದ್ದೂ ನಿಂತ ಗಾಡಿ

ಹೊತ್ತಿಳಿಯುತ್ತಿದ್ದಂತೆ ಹೊನ್ನಾಳಿಯಲ್ಲಿ ಬಾಣಲೆಗೆ ಎಣ್ಣೆ ಬೀಳುತ್ತದೆ. ಶಿವಮೊಗ್ಗ–ಹರಿಹರ ರಸ್ತೆಯ ಸಂಜೆ ಬಸ್ಸುಗಳು ಊರೊಳಗೆ ಬರುವ ವೇಳೆಗೆ ತಳ್ಳುಗಾಡಿ, ಆಪೆ, ಟಾಟಾ ಏಸ್ ಎಲ್ಲ ಒಂದೇ ಸಾಲಿನಲ್ಲಿ ನಿಂತು ದೀಪ ಹಚ್ಚಿಕೊಂಡಿರುತ್ತವೆ. ಒಂದರಲ್ಲಿ ಮಂಡಕ್ಕಿ-ಮೆಣಸಿನಕಾಯಿ, ಪಕ್ಕದಲ್ಲಿ ಎಗ್ ರೈಸ್, ಆಚೆ ಗೋಬಿ, ಅದರಾಚೆ ಪಾನಿಪುರಿ. ಬೆಂಗಳೂರಿನಲ್ಲಾದರೆ ಇದಕ್ಕೇ ಟಿಕೆಟ್ ಇಟ್ಟು, ಬ್ಯಾಂಡ್ ಕರೆಸಿ ಫುಡ್ ಟ್ರಕ್ ಉತ್ಸವ ಅನ್ನುತ್ತಿದ್ದರು. ಇಲ್ಲಿ ಬ್ಯಾಂಡಿಲ್ಲ, ಬಸ್ಸಿನ ಹಾರನ್ ಇದೆ.

ಪೇಟೆಯ ಫ್ಯಾಷನ್ನನ್ನು ಊರಿನವರು ನಕಲು ಮಾಡಿದರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಈ ಸಾಲಿನ ಬುಡ ಇರುವುದು ಭತ್ತದ ಗದ್ದೆಯಲ್ಲಿ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರದ ಕಡೆಗೆ ನಾಲೆ ನೀರು ಹರಿಯಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲ ಗದ್ದೆಯಾಯಿತು. ಜಗಳೂರಿಗೆ ಆ ಭಾಗ್ಯ ಬರಲಿಲ್ಲ, ಅದು ಮಳೆ ನೆಚ್ಚಿಕೊಂಡೇ ಉಳಿಯಿತು. ಮಂಡಕ್ಕಿ ನಾಲೆಗಿಂತ ಹಳೆಯದು, ನಿಜ. ಆದರೆ ಅದು ಚೀಲಗಟ್ಟಲೆ ಅಗ್ಗಕ್ಕೆ ಸಿಗುವಂತಾಗಲು ಗದ್ದೆಯೂ ಬೇಕಿತ್ತು, ಭಟ್ಟಿಯೂ ಬೇಕಿತ್ತು. ದಾವಣಗೆರೆಯಲ್ಲಿ ಇಡೀ ಒಂದು ಬಡಾವಣೆಗೇ ಮಂಡಕ್ಕಿ ಭಟ್ಟಿ ಎಂಬ ಹೆಸರು ಬಿದ್ದಿದೆ.

ಭಟ್ಟಿಯ ಕೆಲಸ ಹಗುರವಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೆಂಡದಂತೆ ಕಾದ ಮರಳಿಗೆ ಸುರಿಯಬೇಕು. ಒಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ಆ ಕ್ಷಣ ತಪ್ಪಿದರೆ ಸೀದಂತೆ. ಬೇಗ ತೆಗೆದರೆ ಗಟ್ಟಿ. ಒಲೆಗೆ ಹೊಟ್ಟಿನ ಜತೆ ಹಳೆ ಟಯರ್ ತುಂಬಿ ಉರಿಸಿದ, ಆ ಹೊಗೆಯಲ್ಲಿ ಮಕ್ಕಳನ್ನೂ ದುಡಿಸಿದ ಕಥೆ ಈ ಕಸುಬಿಗಿದೆ. ಪೊಟ್ಟಣದ ರುಚಿ ಹೊಗಳುವವರು ಅದನ್ನು ಹೇಳುವುದು ಕಡಿಮೆ.

ಮಂಡಕ್ಕಿಯೇ ಗಾಡಿ ಏರಿದ್ದಕ್ಕೆ ಕಾರಣ ಸರಳ. ಅದು ಭಟ್ಟಿಯಲ್ಲೇ ಬೆಂದು ಬಂದಿರುತ್ತದೆ, ಬೀದಿಯಲ್ಲಿ ಮತ್ತೆ ಬೇಯಿಸಬೇಕಿಲ್ಲ. ಆಳೆತ್ತರದ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿ ತರಬಹುದು. ಉಳಿದರೆ ಹಳಸುವುದಿಲ್ಲ, ನಾಳೆಗೂ ಆಗುತ್ತದೆ. ಒಂದು ಸ್ಟೌ, ಒಂದು ಬಾಣಲೆ, ಈರುಳ್ಳಿ ಹೆಚ್ಚಲು ಒಂದು ಹಲಗೆ ಇದ್ದರೆ ವ್ಯಾಪಾರ ಶುರು. ಕೈಯಲ್ಲಿ ಕಾಸಿಲ್ಲದವನು ಹಿಡಿಯಬಹುದಾದ ಕಸುಬು ಇದಕ್ಕಿಂತ ಇನ್ನೇನಿತ್ತು?

ಜನ ಸೇರುವ ಕಡೆಗೆ ಒಲೆ ಹೋಗುವ ರೂಢಿಯೂ ಹಳೆಯದೇ. ದಾವಣಗೆರೆ ಬೆಣ್ಣೆದೋಸೆಯ ಕಥೆ ಎಲ್ಲರಿಗೂ ಗೊತ್ತು: 1928ರಲ್ಲಿ ಬೆಳಗಾವಿ ಕಡೆಯ ಕುಡಚಿಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕಲು ಶುರುಮಾಡಿದರಂತೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಬೆಣ್ಣೆ ಹಾಕಿದ್ದು ಆಮೇಲೆ, ಮಕ್ಕಳ ಕಾಲಕ್ಕೆ. ನನಗೆ ಈ ಕಥೆಯಲ್ಲಿ ಬೆಣ್ಣೆಗಿಂತ ಮುಖ್ಯವಾಗಿ ಕಾಣುವುದು ಆ ಥಿಯೇಟರು. ನಾಟಕ ನೋಡಬಂದವರ ಹಸಿವನ್ನು ನಂಬಿ ಒಬ್ಬ ಹೆಣ್ಣುಮಗಳು ಒಲೆ ಹೂಡಿದರು. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1872ರಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆಗಾಡಿಯಲ್ಲಿ ತಿಂಡಿ ತುಂಬಿಕೊಂಡು ಪತ್ರಿಕಾ ಕಚೇರಿಯ ಎದುರು ನಿಂತದ್ದೂ ರಾತ್ರಿಪಾಳಿಯವರ ಹಸಿವನ್ನು ನಂಬಿಯೇ. ಫುಡ್ ಟ್ರಕ್ಕಿನ ಇತಿಹಾಸ ಬರೆಯುವವರು ಅವನಿಂದ ಆರಂಭಿಸುತ್ತಾರೆ. ನಾವು ಚೆನ್ನಮ್ಮನಿಂದ ಆರಂಭಿಸಿದರೆ ತಪ್ಪೇನಿಲ್ಲ.

ಸಾಲಿನಲ್ಲಿ ಒಂದು ಗಾಡಿಯ ಮುಂದೆ ನಿಂತು ನೋಡಬೇಕು. ಉದ್ದ ಸೀಳಿದ ಹಸಿಮೆಣಸಿನಕಾಯಿಯ ಹೊಟ್ಟೆಗೆ ಜೀರಿಗೆ-ಉಪ್ಪು-ಹುಣಸೆಯ ಮಸಾಲೆ ಸವರಿ, ತೊಟ್ಟು ಹಿಡಿದು ಕಡಲೆಹಿಟ್ಟಿನಲ್ಲಿ ಅದ್ದಿ, ಪಾತ್ರೆಯ ಅಂಚಿಗೆ ಒಂದು ಮೈ ಒರೆಸಿ ಎಣ್ಣೆಗೆ ಬಿಡುತ್ತಾರೆ. ಹಿಟ್ಟು ಹಳದಿ ತಿರುಗಿದೊಡನೆ ಎತ್ತಿ ಜಾಲರಿಗೆ. ಗಿರಾಕಿ ಬಂದಾಗ ಎರಡನೇ ಸಲ ಬಿಟ್ಟು ಗರಿಗರಿ ಮಾಡುವುದು. ಅಷ್ಟರಲ್ಲಿ ಇನ್ನೊಂದು ಕೈ ನರ್ಗಿಸ್ ಕಲಸುತ್ತಿರುತ್ತದೆ: ಮಂಡಕ್ಕಿ, ಈರುಳ್ಳಿ, ಟೊಮೆಟೊ, ಹುರಿಗಡಲೆ ಪುಡಿ, ಖಾರ, ಕೊತ್ತಂಬರಿ, ಮೇಲೆ ನಿಂಬೆ. ಕಲಸಿ ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಪಾರ್ಸೆಲ್ ಕೇಳುವವರನ್ನು ಕಂಡರೆ ಗಾಡಿಯವರಿಗೆ ಮುಖ ಸಣ್ಣದಾಗುವುದು ಇದಕ್ಕೇ.

ಪಕ್ಕದ ಗೋಬಿಯ ವಂಶಾವಳಿ ಬೇರೆ. ಕೋಲ್ಕತ್ತದ ಚೀನೀ ಸಮುದಾಯದ ನೆಲ್ಸನ್ ವಾಂಗ್ 1975ರ ಹೊತ್ತಿಗೆ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಗೆ ಮಂಚೂರಿಯನ್ ಮಾಡಿದ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ನಮ್ಮ ತಾಲ್ಲೂಕುಗಳವರೆಗೂ ಇಳಿಯಿತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದೇ. ಆದರೆ ಕೆಂಪು ಕಾಣದಿದ್ದರೆ ತಟ್ಟೆ ಹಿಂದಕ್ಕೆ ತಳ್ಳುವ ಗಿರಾಕಿಗೆ ಯಾವ ಕಾಯ್ದೆಯೂ ಇಲ್ಲ.

ತಳ್ಳುವ ಗಾಡಿ ಓಡುವ ಗಾಡಿಯಾದದ್ದಕ್ಕೆ ಎರಡು ಸಂಗತಿ ಕಾರಣ. ಪಂಪ್ ಸ್ಟೌ ಹೋಗಿ ಗ್ಯಾಸ್ ಬಂದದ್ದು ಒಂದು, ಹತ್ತೊಂಬತ್ತು ಕೆ.ಜಿ.ಯ ಸಿಲಿಂಡರನ್ನು ದಿನಾ ತಳ್ಳುಗಾಡಿಯಲ್ಲಿ ಎಳೆಯುವುದು ಸೊಂಟ ಬೀಳುವ ಕೆಲಸ. ಇನ್ನೊಂದು, 2005ರಲ್ಲಿ ಬಂದ ಟಾಟಾ ಏಸ್. ಭತ್ತ, ಅಡಿಕೆ, ತರಕಾರಿ ಹೊತ್ತು ಸವೆದ ಹಳೆ ಏಸ್‌ಗೆ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಮಾಡು ಕಟ್ಟಿಸಿ, ಒಂದು ಪಕ್ಕ ಮೇಲೆತ್ತುವ ಬಾಗಿಲು ಇಟ್ಟರೆ ಅಡುಗೆಮನೆ ಸಿದ್ಧ. ಮಹಿಳಾ ಅಭಿವೃದ್ಧಿ ನಿಗಮ ಸ್ತ್ರೀಶಕ್ತಿ ಒಕ್ಕೂಟಗಳಿಗೆಂದು ಸವಿರುಚಿ ಸಂಚಾರಿ ಕ್ಯಾಂಟೀನ್ ಯೋಜನೆ ತಂದದ್ದೂ ಇದೇ ಜಾಡಿನಲ್ಲಿ.

ಇಂಜಿನ್ ಬಂದರೂ ಗಾಡಿ ಓಡಲಿಲ್ಲ ಎಂಬುದು ಈ ಕಥೆಯ ಸೋಜಿಗ. ಲಾಸ್ ಏಂಜಲಿಸ್‌ನಲ್ಲಿ 2008ರಲ್ಲಿ ಹೊರಟ ಕೋಗಿ ಎಂಬ ಟ್ರಕ್ಕು ಇವತ್ತು ಎಲ್ಲಿ ನಿಲ್ಲುತ್ತೇನೆಂದು ಟ್ವಿಟರ್‌ನಲ್ಲಿ ಸಾರಿ ಜನರನ್ನು ಬೆನ್ನು ಹತ್ತಿಸಿಕೊಂಡಿತ್ತು. ನಮ್ಮ ಗಾಡಿಯವರಿಗೆ ಬೇಕಾದದ್ದು ಅದರ ತದ್ವಿರುದ್ಧ: ದಿನವೂ ಅದೇ ಕಂಬ, ಅದೇ ಚರಂಡಿ ಕಲ್ಲು. ಗಿರಾಕಿಗೆ ರುಚಿ ನೆನಪಿರುವುದಕ್ಕಿಂತ ಹೆಚ್ಚಾಗಿ ಜಾಗ ನೆನಪಿರುತ್ತದೆ. ಹಾಗಾದರೆ ಗಾಲಿ ಏಕೆ? ತೆರವು ಮಾಡಿ ಎಂದಾಗ ತಕ್ಷಣ ಹೊರಡಲು. ಗಾಲಿ ಇರುವುದು ತಿರುಗಾಡಲಿಕ್ಕಲ್ಲ, ಒಕ್ಕಲೆಬ್ಬಿಸಿದಾಗ ಬಾಣಲೆ ಸಮೇತ ಪಾರಾಗಲಿಕ್ಕೆ.

ಈ ಭಯ ತಗ್ಗಿಸಲೆಂದೇ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗ ಗುರುತಿಸುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕೊರೊನಾ ವರ್ಷ, 2020ರ ಜೂನ್‌ನಲ್ಲಿ, ಇದೇ ವ್ಯಾಪಾರಿಗಳಿಗೆಂದು ಸ್ವನಿಧಿ ಸಾಲ ಶುರುವಾಯಿತು. ಆಗ ಮೊದಲ ಕಂತು 10,000 ರೂಪಾಯಿ ಇತ್ತು. ಲಾಕ್‌ಡೌನಿನಲ್ಲಿ ಒಲೆ ಆರಿಸಿದ್ದವರಿಗೆ ಅದು ಎಣ್ಣೆ, ಸಿಲಿಂಡರ್, ಒಂದಿಷ್ಟು ಚೀಲ ಮಂಡಕ್ಕಿಯ ದುಡ್ಡು. ಕಾಗದದಲ್ಲಿ ಇಷ್ಟೆಲ್ಲ ಇದ್ದರೂ ರಸ್ತೆ ಅಗಲೀಕರಣದ ಸುದ್ದಿ ಬಂದ ದಿನ ಸಾಲಿನವರ ಮಾತು ತಗ್ಗುತ್ತದೆ.

ಗಾಡಿಗಳು ಮನಸ್ಸಿಟ್ಟು ಹೊರಡುವುದು ಜಾತ್ರೆಗಳಿಗೆ. ಫೆಬ್ರುವರಿ ನಡುವೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ನಾನಾ ಕಡೆಯಿಂದ ಬಂಜಾರರು ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ. ತರಳಬಾಳು ಹುಣ್ಣಿಮೆಯಂತೂ ವರ್ಷಕ್ಕೊಂದು ಊರಿನಲ್ಲಿ ಒಂಬತ್ತು ದಿನ ನಡೆಯುತ್ತದೆ. ಮೆಣಸಿನಕಾಯಿ ಬಿಡುತ್ತಿದ್ದ ಒಬ್ಬರನ್ನು, ‘ಜಾತ್ರೆಗೆ ಹೋದರೆ ಇಲ್ಲಿ ಜಾಗ ಖಾಲಿ ಬಿಡ್ತೀರೇನಣ್ಣಾ?’ ಎಂದು ಕೇಳಿದೆ. ‘ಖಾಲಿ ಬಿಟ್ರೆ ಮುಗೀತು ಬಿಡ್ರಿ’ ಎಂದು ನಕ್ಕರು. ಏಸ್ ಜಾತ್ರೆಗೆ ಹೋಗುತ್ತದೆ. ಅವರ ಹಳೆಯ ತಳ್ಳುಗಾಡಿಯನ್ನು ಹೊರಗೆಳೆದು ತಮ್ಮನೋ ಭಾಮೈದನೋ ಅದೇ ಕಂಬದ ಕೆಳಗೆ ನಿಲ್ಲುತ್ತಾನೆ. ಜಾತ್ರೆ ಮುಗಿಯುವ ತನಕ ಅಲ್ಲಿ ಮೆಣಸಿನಕಾಯಿ ಇರುವುದಿಲ್ಲ, ಬರೀ ನರ್ಗಿಸ್.